ಮಗ ತೀರಿಕೊಂಡ ಮೇಲೆ ಮೊಮ್ಮಗಳ ಭೇಟಿ: ಅರ್ಜಿ ಎಲ್ಲಿ, ಹೇಗೆ?

ಪ್ರಶ್ನೆ:
ಹಾಸನದ ಹಿರಿಯ ದಂಪತಿಯ ಪರವಾಗಿ ಕೇಳುತ್ತಿದ್ದೇನೆ. ಮಗ ತೀರಿಕೊಂಡಿದ್ದಾರೆ. ಆರು ವರ್ಷದ ಮೊಮ್ಮಗಳು ಹುಟ್ಟಿದಾಗಿನಿಂದ ಅಜ್ಜಿಯ ಕೈಯಲ್ಲೇ ಬೆಳೆದವಳು. ಸೊಸೆ ಮಗುವನ್ನು ಕರೆದುಕೊಂಡು ಮೈಸೂರಿನ ತವರಿಗೆ ಹೋಗಿ ಎಂಟು ತಿಂಗಳಾಯಿತು, ಫೋನೂ ಎತ್ತುತ್ತಿಲ್ಲ. ಕಸ್ಟಡಿಗೆ ಹಾಸನದಲ್ಲೇ ಕೇಸು ಹಾಕಬಹುದೇ? ಹೇಬಿಯಸ್ ಕಾರ್ಪಸ್ (ಅಕ್ರಮ ಬಂಧನದಲ್ಲಿರುವವರನ್ನು ಕೋರ್ಟಿನ ಮುಂದೆ ತರಿಸಲು ಕೋರುವ ಅರ್ಜಿ) ಹಾಕಿದರೆ ಬೇಗ ಆಗುತ್ತದೆ ಅನ್ನುತ್ತಾರೆ, ನಿಜವೇ?

ಉತ್ತರ 1:
ಹೇಬಿಯಸ್ ಕಾರ್ಪಸ್ ಬೇಡ ಸರ್. 1956ರ ಹಿಂದೂ ಅಪ್ರಾಪ್ತರ ಪಾಲಕತ್ವ ಕಾಯ್ದೆಯ ಸೆಕ್ಷನ್ 6ರಂತೆ ತಂದೆಯ ನಂತರ ತಾಯಿಯೇ ಸಹಜ ಪಾಲಕಿ. ಮಗು ತಾಯಿಯ ಹತ್ತಿರ ಇದ್ದರೆ ಅದು ಅಕ್ರಮ ಬಂಧನವೆಂದು ತೋರಿಸುವುದು ಬಹಳ ಕಷ್ಟ. ಅರ್ಜಿ ವಜಾ ಆದರೆ ಎದುರು ವಕೀಲರು ಆ ಆದೇಶವನ್ನೇ ಮುಂದಿನ ಕೇಸಿನಲ್ಲಿ ನಿಮ್ಮ ವಿರುದ್ಧ ಹಿಡಿಯುತ್ತಾರೆ.

ಹಾಸನದಲ್ಲಿ ಹಾಕಿದರೂ ತಕರಾರು ಬರುತ್ತದೆ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ ಸೆಕ್ಷನ್ 9 ನೋಡುವುದು ಮಗು ಸಾಮಾನ್ಯವಾಗಿ ಎಲ್ಲಿ ವಾಸವಿದೆ ಎಂಬುದನ್ನು. ಮಗು ಮೈಸೂರಿನ ಶಾಲೆಗೆ ಸೇರಿದ್ದರೆ ಅಲ್ಲಿನ ಕೌಟುಂಬಿಕ ನ್ಯಾಯಾಲಯಕ್ಕೇ ಹೋಗಿ.

ಉತ್ತರ 2:
ಕಸ್ಟಡಿ ಕೇಳಬೇಡಿ, ಭೇಟಿ ಕೇಳಿ. ಮಗುವನ್ನೇ ಕಿತ್ತುಕೊಳ್ಳಲು ಬಂದಿದ್ದಾರೆ ಅನ್ನಿಸಿದರೆ ತಾಯಿ ಇನ್ನಷ್ಟು ಬಿಗಿಯಾಗುತ್ತಾರೆ. ಅಜ್ಜ ಅಜ್ಜಿಗೆ ಭೇಟಿಯ ಹಕ್ಕು ಎಂದು ಬೇರೆ ಸೆಕ್ಷನ್ ಇಲ್ಲ. ಕೋರ್ಟ್ ಕೊಡುವುದು ಮಗುವಿನ ಹಿತ ನೋಡಿ. ಹಾಗಾಗಿ ಒಡನಾಟಕ್ಕೆ ದಾಖಲೆ ಬೇಕು: ಅಜ್ಜಿ ಕೈಯಲ್ಲಿ ಹಿಡಿದು ಓಡಾಡಿದ ಲಸಿಕೆ ಕಾರ್ಡು, ಶಾಲೆಯ ಡೈರಿಯಲ್ಲಿ ಅವರ ಸಹಿ, ಫೀಸು ಕಟ್ಟಿದ ರಸೀದಿ. ಜೊತೆಗೆ ಮಗನ ಮರಣ ಪತ್ರ, ಮಗುವಿನ ಜನನ ಪತ್ರ, ನಾಡಕಚೇರಿಯ ವಂಶವೃಕ್ಷ.

ಎಲ್ಲರೂ ಎಡವುವುದು ಕೋರಿಕೆಯ ಪ್ಯಾರಾದಲ್ಲಿ. "ಸೂಕ್ತ ಭೇಟಿ" ಎಂದಷ್ಟೇ ಬರೆದರೆ ಆದೇಶವೂ ಹಾಗೇ ಬರುತ್ತದೆ. ಆಮೇಲೆ ಉಲ್ಲಂಘನೆ ಆಗಿದೆ ಎಂದು ತೋರಿಸುವುದು ಹೇಗೆ? ಎರಡನೇ, ನಾಲ್ಕನೇ ಶನಿವಾರ 11ರಿಂದ 4ರವರೆಗೆ, ಬುಧವಾರ ಸಂಜೆ 15 ನಿಮಿಷ ವಿಡಿಯೊ ಕಾಲ್, ದಸರಾ ರಜೆಯಲ್ಲಿ ಎರಡು ದಿನ, ಕರೆದೊಯ್ಯುವವರು ಯಾರು, ಎಲ್ಲಿಂದ, ಎಲ್ಲಾ ಬರೆಯಿರಿ. ಮುಖ್ಯ ಅರ್ಜಿಯ ಜೊತೆಯಲ್ಲೇ ಮಧ್ಯಂತರ ಅರ್ಜಿಯನ್ನೂ ಹಾಕಿ, ತೀರ್ಪಿನವರೆಗೆ ಕಾಯಬೇಡಿ.

ಕೌಟುಂಬಿಕ ನ್ಯಾಯಾಲಯದ ಸಮಾಲೋಚಕರ ಮುಂದೆ ಸೊಸೆಯ ನಡತೆಯ ಬಗ್ಗೆ ಒಂದು ಮಾತೂ ಬೇಡ. ಅವರೂ ಗಂಡನನ್ನು ಕಳೆದುಕೊಂಡವರು.

ಉತ್ತರ 3:
ಆಸ್ತಿ ಜಗಳವನ್ನು ಇದರೊಳಗೆ ತರಬೇಡಿ. ಉಯಿಲು ಇಲ್ಲದಿದ್ದರೆ ಮಗ ತಾನೇ ಸಂಪಾದಿಸಿದ (ಸ್ವಯಾರ್ಜಿತ) ಆಸ್ತಿಯಲ್ಲಿ ತಾಯಿ, ಹೆಂಡತಿ, ಮಗಳು ಮೂವರಿಗೂ ಸಮಪಾಲು, ಇವರಿರುವಾಗ ತಂದೆಗೆ ಇಲ್ಲ. ಅದು ಬೇರೆ ದಾವೆ.

ಅಜ್ಜ ಅಜ್ಜಿಗೆ ಕಸ್ಟಡಿ ಸಿಕ್ಕ ಸುಪ್ರೀಂ ಕೋರ್ಟ್ ತೀರ್ಪುಗಳ ಸಂದರ್ಭವೇ ಬೇರೆ. 2008ರಲ್ಲಿ ಹೆಂಡತಿಯ ಸಾವಿನ ಕೇಸಿನಲ್ಲಿ ತಂದೆಯೇ ಆರೋಪಿ. 2022ರಲ್ಲಿ ತಂದೆ ತಾಯಿ ಇಬ್ಬರೂ ಕೋವಿಡ್‌ನಲ್ಲಿ ಹೋಗಿದ್ದರು.

ಪ್ರಶ್ನೆ ಕೇಳಿದವರು:
ಸೊಸೆ ಮರುಮದುವೆಯಾದರೆ? ವಕೀಲರ ಫೀಸಿಗೂ ಕಷ್ಟವಿದೆ.

ಉತ್ತರ 2:
ಮರುಮದುವೆ ಆದ ಮಾತ್ರಕ್ಕೆ ತಾಯಿಯ ಪಾಲಕತ್ವ ಹೋಗುವುದಿಲ್ಲ. ಫೀಸಿಗಾಗಿ ಅಜ್ಜಿಯನ್ನೇ ಅರ್ಜಿದಾರರನ್ನಾಗಿ ಮಾಡಿ. ಮಹಿಳೆಯರಿಗೆ ಉಚಿತ ಕಾನೂನು ನೆರವಿಗೆ ಆದಾಯ ಮಿತಿ ಇಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟರೆ ವಕೀಲರನ್ನು ನೇಮಿಸುತ್ತಾರೆ.