ಅಪ್‌ಡೇಟ್: ಕಾಟ್ಸ್‌ವೊಲ್ಡ್ಸ್ ಸೈಕಲ್ ಸವಾರಿ ಮುಗಿಸಿ ಬಂದೆ

ಇಂಗ್ಲೆಂಡಿನ ಕಾಟ್ಸ್‌ವೊಲ್ಡ್ಸ್ ಗುಡ್ಡಗಾಡಿನಲ್ಲಿ ಮೋರ್ಟನ್-ಇನ್-ಮಾರ್ಷ್ ರೈಲು ಸ್ಟೇಷನ್‌ನಿಂದ ಬೋರ್ಟನ್-ಆನ್-ದಿ-ವಾಟರ್‌ಗೆ ಎ429 ಹೆದ್ದಾರಿ ಬಿಟ್ಟು ಸೈಕಲ್‌ನಲ್ಲಿ ಹೇಗೆ ಹೋಗೋದು ಅಂತ ಹೋದ ವಾರ ಕೇಳಿದ್ದೆನಲ್ಲ, ಶನಿವಾರ ಹೋಗಿ ಬಂದೆ.

ಫೋನ್ ಮ್ಯಾಪ್ ಸಾಕು ಅಂದವರ ಮಾತು ಕೈಕೊಟ್ಟಿತು. ಅದು ಕುದುರೆ ಓಡಾಡುವ ಮಣ್ಣುದಾರಿಗೆ ನುಗ್ಗಿಸಿತು. ಅಲ್ಲಿ ಸೈಕಲ್ ಓಡಿಸಬಹುದು, ನಿಜ. ಆದರೆ ನನ್ನ ಸಣ್ಣ ಟೈರಿಗೆ ಕೆಸರು ಮೆತ್ತಿಕೊಂಡು ಚಕ್ರವೇ ತಿರುಗಲಿಲ್ಲ. ಬ್ರೇಕ್ ಸಂದಿಯಿಂದ ಕಡ್ಡಿಯಲ್ಲಿ ಕೆರೆದು ತೆಗೆದೆ.

ಕೆಲಸಕ್ಕೆ ಬಂದಿದ್ದು ಆರ್ಡ್‌ನೆನ್ಸ್ ಸರ್ವೆಯ (ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ) ಒಎಲ್45 ಕಾಗದದ ನಕ್ಷೆ ತಗೊಂಡು ಅದರಲ್ಲಿ ಹಳದಿ ಬಣ್ಣದಲ್ಲಿ ತೋರಿಸಿರುವ ಸಣ್ಣ ರಸ್ತೆಗಳನ್ನೇ ಹಿಡಿಯಿರಿ ಅಂದ ಸಲಹೆ. ಲಾಂಗ್‌ಬರೋ, ಲೋವರ್ ಸ್ವೆಲ್, ಅಪ್ಪರ್ ಸ್ಲಾಟರ್ ಮೇಲೆ ಹೋದೆ. ಕಾರುಗಳು ಬೆರಳೆಣಿಕೆಯಷ್ಟು. ಏರು ಮಾತ್ರ ಜಾಸ್ತಿ, ಎರಡು ಕಡೆ ನಾಚಿಕೆ ಬಿಟ್ಟು ಇಳಿದು ತಳ್ಳಿದೆ.

ಅಪ್ಪರ್ ಸ್ಲಾಟರ್‌ನಲ್ಲಿ ರಸ್ತೆಯೇ ಐ ನದಿಯೊಳಗೆ ಇಳಿಯುತ್ತದೆ. ನೀರಿನ ಕೆಳಗೆ ಪಾಚಿ ಕಂಡಿತು, ಸುಮ್ನೆ ಯಾಕೆ ರಿಸ್ಕ್ ಅಂತ ಪಕ್ಕದ ಕಲ್ಲಿನ ಕಾಲುಸೇತುವೆ ಮೇಲೆ ಸೈಕಲ್ ಹೊತ್ತು ದಾಟಿದೆ. ಅಂದಹಾಗೆ, ಈ 'ಸ್ಲಾಟರ್' ಅಂದರೆ ಕಡಿಯೋದಲ್ಲ, ಹಳೆಯ ಇಂಗ್ಲಿಷಿನಲ್ಲಿ ಕೆಸರು ಜಾಗವಂತೆ! ಹೆಸರು ಹೀಗಿದ್ದರೂ, ಎರಡೂ ಮಹಾಯುದ್ಧಗಳಿಗೆ ಹೋದ ಆ ಊರಿನ ಸೈನಿಕರೆಲ್ಲ ಜೀವಂತ ವಾಪಸ್ ಬಂದಿದ್ದರು.