ಮದ್ಯದ ಬಾಟಲಿಗೂ ಪದಾರ್ಥಪಟ್ಟಿ, ಅಲರ್ಜಿ ಸೂಚನೆ ಕಡ್ಡಾಯ ಆಗಬೇಕೇ?

ಪ್ರಶ್ನೆ: ಸಣ್ಣಕ್ಷರ

ಬಿಸ್ಕತ್ತಿನ ಪೊಟ್ಟಣ ತಿರುಗಿಸಿದರೆ ಗೋಧಿಹಿಟ್ಟಿನಿಂದ ಲೆಸಿಥಿನ್‌ವರೆಗೆ ಎಲ್ಲ ಅಚ್ಚಾಗಿರುತ್ತದೆ. ವೈನ್, ಬಿಯರ್, ವಿಸ್ಕಿ ಬಾಟಲಿಯಲ್ಲಿ ಆಲ್ಕೋಹಾಲ್ ಪ್ರಮಾಣ ಬಿಟ್ಟರೆ ಒಳಗೇನಿದೆ ಎಂಬ ವಿವರ ಅಪರೂಪ. ಯುರೋಪಿಯನ್ ಒಕ್ಕೂಟದ 1169/2011 ನಿಯಮವೇ 1.2%ಗಿಂತ ಹೆಚ್ಚು ಆಲ್ಕೋಹಾಲ್ ಇರುವ ಪಾನೀಯಗಳಿಗೆ ಪದಾರ್ಥಪಟ್ಟಿಯಿಂದ ವಿನಾಯಿತಿ ಕೊಟ್ಟಿತ್ತು. ತಯಾರಿಕೆ ಬಲ್ಲವರು ಹೇಳಿ: ಬಳಸಿದ ಮೊಟ್ಟೆ, ಹಾಲು, ಮೀನು, ಗೋಧಿಯಲ್ಲಿ ಲೋಟದವರೆಗೆ ಬರುವುದೆಷ್ಟು? ಗ್ಲುಟೆನ್ (ಗೋಧಿ, ಬಾರ್ಲಿಯಲ್ಲಿರುವ ಪ್ರೋಟೀನು) ಇಲ್ಲ ಎನ್ನುವ ಬಿಯರನ್ನು ನಂಬಬಹುದೇ? ಬಟ್ಟಿ ಇಳಿಸಿದರೆ ಎಲ್ಲ ಹೋಗುತ್ತದೆಯೇ? ಪೂರ್ತಿ ಪಟ್ಟಿ ಹಾಕಿ ಎಂದರೆ ಕಾರ್ಯಸಾಧ್ಯವೇ?

ಉತ್ತರ: ತಿಳಿಗಸಿ

ವೈನ್ ಮಟ್ಟಿಗೆ ಹೇಳುತ್ತೇನೆ. ಹುದುಗು ಮುಗಿದ ವೈನ್ ಮಸುಕಾಗಿರುತ್ತದೆ, ಕೆಂಪಿನಲ್ಲಿ ಒಗರೂ ಜಾಸ್ತಿ. ತಿಳಿ ಮಾಡಲು ಕೆಂಪಿಗೆ ಮೊಟ್ಟೆಯ ಬಿಳಿ (225 ಲೀಟರಿನ ಪೀಪಾಯಿಗೆ ಸಾಮಾನ್ಯವಾಗಿ 4ರಿಂದ 6 ಮೊಟ್ಟೆ), ಬಿಳಿಗೆ ಹಾಲಿನ ಕೇಸಿನ್ ಅಥವಾ ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಹಾಕುವುದುಂಟು. ಪ್ರೋಟೀನು ಒಗರು ಕೊಡುವ ಟ್ಯಾನಿನ್ನಿನ ಜೊತೆ ಗಂಟುಕಟ್ಟಿ ತಳಕ್ಕಿಳಿಯುತ್ತದೆ, ಮೇಲಿನ ತಿಳಿಯನ್ನು ಬಸಿದುಕೊಳ್ಳುತ್ತಾರೆ. ಹಾಕಿದ್ದರಲ್ಲಿ ಬಹುಪಾಲು ಗಸಿಯಲ್ಲೇ ಉಳಿಯುತ್ತದೆ.

ಕೆಡುವುದು ಅಳತೆ ಮೀರಿದಾಗ. ಕಟ್ಟಿಕೊಳ್ಳಲು ಟ್ಯಾನಿನ್ ಸಾಲದಿದ್ದರೆ ಮಿಕ್ಕ ಪ್ರೋಟೀನು ವೈನಿನಲ್ಲೇ ನಿಲ್ಲುತ್ತದೆ. ಆದ್ದರಿಂದ ಮೊದಲು 100 ಮಿಲಿಯ ನಾಲ್ಕೈದು ಸೀಸೆಗಳಲ್ಲಿ ಏರುಪ್ರಮಾಣದಲ್ಲಿ ಹಾಕಿ ನೋಡಿ, ತಿಳಿಯಾಗುವ ಅತಿ ಕಡಿಮೆ ಅಳತೆಯನ್ನೇ ಆರಿಸಬೇಕು. ಆಮೇಲೆ ಲೀಟರಿಗೆ 0.5ರಿಂದ 1 ಗ್ರಾಂ ಬೆಂಟೊನೈಟ್ ಜೇಡಿ ಹಾಕಿದರೆ ಉಳಿಕೆ ಪ್ರೋಟೀನನ್ನು ಬಹುಮಟ್ಟಿಗೆ ಎಳೆದುಕೊಳ್ಳುತ್ತದೆ. ಕೊನೆಗೆ ಪ್ರೋಟೀನಿನ ಉಳಿಕೆ ಪತ್ತೆಹಚ್ಚುವ ಎಲೈಸಾ ಪರೀಕ್ಷೆ. ಯುರೋಪಿನಲ್ಲಿ ಮೊಟ್ಟೆ, ಹಾಲಿನ ಪ್ರೋಟೀನಿಗೆ ಲೀಟರಿಗೆ 0.25 ಮಿಗ್ರಾಂ ಗೆರೆ. ಅಷ್ಟು ಸಿಕ್ಕರೆ ಲೇಬಲ್ಲಿನಲ್ಲಿ ಹೇಳಲೇಬೇಕು. ಐಸಿಂಗ್ಲಾಸಿಗೆ ಮಾತ್ರ ಅಲ್ಲಿ ವಿನಾಯಿತಿ ಇದೆ.

ಹೆಚ್ಚು ಎಚ್ಚರ ಬೇಕಾದ್ದು ಲೈಸೊಜೈಮ್ ಬಗ್ಗೆ. ಇದೂ ಮೊಟ್ಟೆಯ ಬಿಳಿಯಿಂದಲೇ ಬರುತ್ತದೆ, ಆದರೆ ಕೆಲಸ ತಿಳಿಗೊಳಿಸುವುದಲ್ಲ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ತಡೆಯುವುದು. ಲೀಟರಿಗೆ 500 ಮಿಗ್ರಾಂವರೆಗೆ ಹಾಕಬಹುದು. ಟ್ಯಾನಿನ್ ಕಮ್ಮಿ ಇರುವ ಬಿಳಿ ವೈನಿನಲ್ಲಿ ಅದು ಕರಗಿಯೇ ಉಳಿಯುತ್ತದೆ. 'ಮೊಟ್ಟೆಯೆಲ್ಲ ಗಸಿಯಲ್ಲಿ ಹೋಯಿತು' ಎಂಬ ಮಾತು ಇಲ್ಲಿ ಸಲ್ಲದು.

ವೈನ್ ಕೆಡದಂತೆ ಹಾಕುವ ಸಲ್ಫೈಟ್ ವಿಚಾರ: ಯೀಸ್ಟ್ ತಾನೇ ಒಂದಿಷ್ಟು ಮಾಡಿಕೊಳ್ಳುತ್ತದೆ. ಹಾಗಾಗಿ 'ಸಲ್ಫೈಟ್ ಸೇರಿಸಿಲ್ಲ' ಎಂದರೆ 'ಸಲ್ಫೈಟ್ ಇಲ್ಲ' ಎಂದಲ್ಲ. ಲೀಟರಿಗೆ 10 ಮಿಗ್ರಾಂ ದಾಟಿದರೆ ಸೂಚನೆ ಬೇಕು. ಒಣ ಕೆಂಪು ವೈನಿಗೆ ಯುರೋಪಿನ ಮಿತಿ 150, ಒಣ ಬಿಳಿಗೆ 200. 12 ಇದ್ದರೂ 190 ಇದ್ದರೂ ಬಾಟಲಿಯ ಮೇಲೆ 'ಸಲ್ಫೈಟ್ ಇದೆ' ಎಂಬ ಅದೇ ಎರಡು ಪದ! ಆಸ್ತಮಾ ಇರುವವರಿಗೆ ಬೇಕಾದ್ದು ಅಂಕಿ.

ಉತ್ತರ: ಮಾಲ್ಟುಮರಿ

ಬಿಯರಿನಲ್ಲಿ ಮುಖ್ಯ ಪ್ರಶ್ನೆ ಬಾರ್ಲಿ. ಗ್ಲುಟೆನ್ ಇಲ್ಲ ಎನ್ನಲು ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ) ಗಡಿ ಕೆಜಿಗೆ 20 ಮಿಗ್ರಾಂ. ಅಲ್ಲಿಗೆ ಹೋಗಲು ಎರಡು ದಾರಿ. ಒಂದು, ಜೋಳ, ಸಿರಿಧಾನ್ಯ, ಅಕ್ಕಿಯಂಥ ಗ್ಲುಟೆನ್ನೇ ಇಲ್ಲದ ಧಾನ್ಯದಿಂದ ಮಾಡುವುದು. ಇನ್ನೊಂದು, ಬಾರ್ಲಿ ಬಿಯರಿಗೇ ಹುದುಗಿನ ಶುರುವಿನಲ್ಲಿ ಪ್ರೋಲಿಲ್ ಎಂಡೊಪೆಪ್ಟಿಡೇಸ್ ಕಿಣ್ವ ಹಾಕಿ ಪ್ರೋಟೀನನ್ನು ಕತ್ತರಿಸುವುದು.

ತಕರಾರಿರುವುದು ಎರಡನೆಯದರಲ್ಲಿ. ಮಾಮೂಲಿ ಸ್ಯಾಂಡ್‌ವಿಚ್ ಎಲೈಸಾಗೆ ಒಂದೇ ತುಣುಕಿನಲ್ಲಿ ಎರಡು ಹಿಡಿಕೆ (ಪರೀಕ್ಷೆಯ ಪ್ರತಿಕಾಯ ಅಂಟುವ ಜಾಗ) ಬೇಕು. ಕಿಣ್ವ ಕತ್ತರಿಸಿದ ತುಣುಕಿನಲ್ಲಿ ಒಂದೇ ಉಳಿದರೆ ಪರೀಕ್ಷೆ ಸೊನ್ನೆ ತೋರಿಸುತ್ತದೆ, ಕರುಳಿಗೆ ಸೊನ್ನೆ ಆಗಿರಬೇಕೆಂದಿಲ್ಲ. ಅದಕ್ಕೇ ಒಂದೇ ಹಿಡಿಕೆ ಸಾಕಾಗುವ ಕಾಂಪಿಟಿಟಿವ್ ಆರ್5 ಪರೀಕ್ಷೆ ಬಳಸುತ್ತಾರೆ. ಅದೂ ಎಲ್ಲ ಬಗೆಯ ತುಣುಕನ್ನು ಹಿಡಿಯುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2020ರ ನಿಯಮದಲ್ಲಿ ಇದೇ ಕಾರಣ ಮುಂದಿಟ್ಟು, ಹುದುಗಿಸಿದ ಆಹಾರ ಗ್ಲುಟೆನ್‌ಮುಕ್ತ ಎನ್ನಬೇಕಾದರೆ ಹುದುಗಿಸುವ ಮುಂಚೆಯೇ ಮುಕ್ತವಾಗಿರಬೇಕು ಎಂದಿತು. ಸೀಲಿಯಾಕ್ (ಗ್ಲುಟೆನ್‌ನಿಂದ ಕರುಳು ಕೆಡುವ ಕಾಯಿಲೆ) ಇರುವವರು 'ಗ್ಲುಟೆನ್ ತೆಗೆದದ್ದು' ಮತ್ತು 'ಗ್ಲುಟೆನ್ ಇಲ್ಲದ ಧಾನ್ಯದ್ದು' ಒಂದೇ ಎಂದುಕೊಳ್ಳಬಾರದು. ಯಾವುದು ಎಂದು ಹೇಳಲು ಪದಾರ್ಥಪಟ್ಟಿಯೇ ಬೇಕು.

ಇನ್ನು ಹೊಸ ರುಚಿಯ ಬಿಯರುಗಳು. ಮಿಲ್ಕ್ ಸ್ಟೌಟ್ ಎಂಬ ಕಪ್ಪು ಬಿಯರಿನಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಇರುತ್ತದೆ. ಯೀಸ್ಟ್ ಅದನ್ನು ತಿನ್ನುವುದಿಲ್ಲ, ಅದಕ್ಕೇ ಸಿಹಿ. ಕಡಲೆಕಾಯಿ ಬೆಣ್ಣೆ ಹಾಕಿದ್ದಿದೆ, ಸಿಂಪಿ ಹಾಕಿದ್ದೂ ಇದೆ. ಅದೇ ಟ್ಯಾಂಕಿಗೆ, ಅದೇ ಪೈಪಿಗೆ ನಾಳೆ ಸಾದಾ ಲಾಗರ್ ಬರುತ್ತದೆ. ಅಂಥ ಬ್ಯಾಚನ್ನು ಸರದಿಯ ಕೊನೆಗೆ ಇಟ್ಟು, ಬಿಸಿ ಕಾಸ್ಟಿಕ್ ಸೋಡಾದಲ್ಲಿ ತೊಳೆದು, ಕೊನೆಯ ತೊಳೆನೀರನ್ನು ಆ ಅಲರ್ಜಿಕಾರಕಕ್ಕೇ ಪರೀಕ್ಷಿಸಬೇಕು. ತಪ್ಪಿಸಿಕೊಳ್ಳುವುದು ಸಾಮಾನ್ಯವಾಗಿ ರಬ್ಬರ್ ಗ್ಯಾಸ್ಕೆಟ್ಟು, ಹೋಸುಪೈಪು: ಎಣ್ಣೆಯಂಶ ಅಲ್ಲಿ ಅಂಟಿ ಕೂರುತ್ತದೆ.

ಉತ್ತರ: ಭಟ್ಟಿಒಲೆ

ಪ್ರೋಟೀನು ಆವಿಯಾಗುವುದಿಲ್ಲ. ಕುದಿ ಉಕ್ಕಿ ಹೊರಬರದಿದ್ದರೆ ಗೋಧಿಯ ವೋಡ್ಕಾದಲ್ಲಿ ಗೋಧಿ ಪ್ರೋಟೀನು ಇರದು. ಯುರೋಪಿನಲ್ಲಿ ಬಟ್ಟಿಗೆ ಬಳಸುವ ಧಾನ್ಯ, ಬೀಜ, ಹಾಲಿನ ತಿಳಿನೀರಿಗೆ ಸೂಚನೆ ಬೇಡ. ಬಟ್ಟಿ ಇಳಿಸಿದ ಮೇಲೆ ಸೇರಿಸಿದ್ದಕ್ಕೆ ಈ ಮಾತು ಅನ್ವಯಿಸದು. ಕ್ರೀಮ್ ಲಿಕ್ಕರ್‌ಗಳಲ್ಲಿ ಕೆನೆ ಬೇರ್ಪಡದಂತೆ ಹಾಲಿನ ಪ್ರೋಟೀನಾದ ಕೇಸಿನೇಟ್ ಇರುತ್ತದೆ. ಬಾದಾಮಿ ಪರಿಮಳದ್ದು ಏಪ್ರಿಕಾಟ್ ಬೀಜದ್ದಿರಬಹುದು, ಬಾದಾಮಿಯದ್ದೇ ಇರಬಹುದು. ಮೂಗಿಗೆ ವ್ಯತ್ಯಾಸ ಗೊತ್ತಾಗದು, ಆ ಪರಿಮಳ ಕೊಡುವ ಬೆನ್ಜಾಲ್ಡಿಹೈಡ್ ಎರಡರಲ್ಲೂ ಇದೆ.

ಸಣ್ಣಕ್ಷರ

ಹಾಗಾದರೆ ಎಲ್ಲವನ್ನೂ ಅಚ್ಚು ಹಾಕಿ ಎಂದರೆ ಮುಗಿಯಿತಲ್ಲ?

ಉತ್ತರ: ನಿಯಮಪುಟ

ಮುಗಿಯುವುದಿಲ್ಲ, ಏಕೆಂದರೆ ಪದಾರ್ಥಪಟ್ಟಿ ಬೇರೆ, ಅಲರ್ಜಿ ಸಾಲು ಬೇರೆ. ಪಟ್ಟಿಯಲ್ಲಿ ಉಳಿಯುವ ಸೇರ್ಪಡೆಗಳು ಬರುತ್ತವೆ: ಟಾರ್ಟಾರಿಕ್ ಆಮ್ಲ, ಗಮ್ ಅರೇಬಿಕ್, ಸಲ್ಫೈಟ್. ಬೆಂಟೊನೈಟಿನಂಥ ಸಂಸ್ಕರಣಾ ನೆರವುಗಳು ಬರುವುದಿಲ್ಲ. ಪಟ್ಟಿ ಓದಿ ಅಲರ್ಜಿ ನಿರ್ಧರಿಸುವ ಅಭ್ಯಾಸ ಇದರಿಂದಲೇ ಅಪಾಯ.

2023ರ ಡಿಸೆಂಬರ್ 8ರಿಂದ ತಯಾರಾದ ವೈನಿಗೆ ಯುರೋಪಿಯನ್ ಒಕ್ಕೂಟ ಎರಡನ್ನೂ ಬಿಡಿಸಿಟ್ಟಿದೆ. ಪದಾರ್ಥಪಟ್ಟಿ, ಪೋಷಕಾಂಶ ಕ್ಯುಆರ್ ಕೋಡಿನ ಹಿಂದೆ ಇರಬಹುದು. ಅಲರ್ಜಿಕಾರಕ ಮತ್ತು 100 ಮಿಲಿಗೆ ಶಕ್ತಿಮೌಲ್ಯ ಬಾಟಲಿಯ ಮೇಲೇ ಇರಬೇಕು. ಆ ಪುಟದಲ್ಲಿ ಜಾಹೀರಾತು ಕೂಡದು, ನೋಡಿದವರ ಮಾಹಿತಿ ಸಂಗ್ರಹಿಸಕೂಡದು. ನನಗಿದು ಸರಿಯಾದ ಹಂಚಿಕೆ ಅನಿಸುತ್ತದೆ: ಮಬ್ಬುಬೆಳಕಿನಲ್ಲಿ ಫೋನ್ ಹಿಡಿದು ಮೊಟ್ಟೆ ಇದೆಯೇ ಎಂದು ಹುಡುಕುವ ಗತಿ ಯಾರಿಗೂ ಬೇಡ.

ಅಮೆರಿಕದ ಮದ್ಯ-ತಂಬಾಕು ತೆರಿಗೆ ಮತ್ತು ವಾಣಿಜ್ಯ ಬ್ಯೂರೋ 2025ರ ಜನವರಿಯಲ್ಲಿ ಅಲರ್ಜಿ ಸೂಚನೆ ಕಡ್ಡಾಯದ ಕರಡು ಹೊರಡಿಸಿತು. ಅಲ್ಲಿಯ ಒಂಬತ್ತು ಮುಖ್ಯ ಅಲರ್ಜಿಕಾರಕಗಳಲ್ಲಿ ಗೋಧಿ ಇದೆ, ಬಾರ್ಲಿ ಇಲ್ಲ. ಅಂದರೆ ಮಾಲ್ಟುಮರಿ ಹೇಳಿದ ಸಮಸ್ಯೆಗೆ ಅದು ಉತ್ತರವಲ್ಲ.

ತಿಳಿಗಸಿ

ಒಂದು ಸೇರಿಕೆ. ಲೇಬಲ್ ಅಚ್ಚಾಗುವುದು ಮೊದಲು, ಬಾಟಲಿ ತುಂಬುವ ಮುನ್ನ ಕೊನೆಯ ಆಮ್ಲ ತಿದ್ದುವುದು ಆಮೇಲೆ. ಪಟ್ಟಿ ಅಸಾಧ್ಯ ಎನ್ನುವವರ ವಾದ ಇದೇ. ಯುರೋಪಿನ ನಿಯಮ ಅದಕ್ಕೂ ದಾರಿ ಬಿಟ್ಟಿದೆ: ಆಮ್ಲ ನಿಯಂತ್ರಕ, ಸ್ಥಿರಕಾರಕಗಳಲ್ಲಿ ಪರಸ್ಪರ ಬದಲಿಯಾದವನ್ನು 'ಮತ್ತು/ಅಥವಾ' ಎಂದು ಮೂರರವರೆಗೆ ಬರೆಯಬಹುದು, ಒಂದಾದರೂ ಒಳಗಿರಬೇಕು. ಅಲರ್ಜಿ ಸಾಲಿಗೆ ಈ ಸಡಿಲ ಬೇಡ. ಅದು ತುಂಬಿದ ಬಾಟಲಿಯ ಮಾದರಿಯ ಪರೀಕ್ಷೆಯಿಂದಲೇ ಬರಬೇಕು, ಟ್ಯಾಂಕಿನ ಲೆಕ್ಕಪುಸ್ತಕದಿಂದಲ್ಲ. ಕೊಳಾಯಿಯಿಂದ ಹಿಡಿದು ಕೊಡುವ ಬಿಯರಿಗೆ ಲೇಬಲ್ಲೇ ಇಲ್ಲ, ಅಲ್ಲಿ ಪಾನೀಯಪಟ್ಟಿಯಲ್ಲೇ ಬರೆಯಬೇಕಾಗುತ್ತದೆ.