ಬರೀ ‘ಸೋಡಾ’ ಅಂದರೆ ಯಾವ ಸೋಡಾ? – ಸೈಕಲ್ ಶುಚಿಮಾಡುವ ಪದಗಳು

ಪ್ರಶ್ನೆ:

ಶಾಲಾಮಕ್ಕಳಿಗಾಗಿ ಸೈಕಲ್ ಆರೈಕೆಯ ಪುಟ್ಟ ಕೈಪಿಡಿಯೊಂದು ಕನ್ನಡಕ್ಕೆ ಬರಬೇಕಿದೆ. ಮನೆಯಲ್ಲಿರುವ ಸಾಮಾನಿನಿಂದಲೇ ಸೈಕಲ್ ತೊಳೆಯುವ ಭಾಗದಲ್ಲಿ ಮೂರು ತೊಡಕುಗಳಿವೆ. ‘ಬೇಕಿಂಗ್ ಸೋಡಾ’ ಎಂದಿರುವಲ್ಲಿ ಬರೀ ‘ಸೋಡಾ’ ಎಂದರೆ ಸಾಕೇ? ‘ಡಿಗ್ರೀಸರ್’ಗೆ ‘ಜಿಡ್ಡುನಾಶಕ’ ಎಂದು ಬರೆದರೆ ಕೀಟನಾಶಕದಂತೆ ಕೇಳಿಸುತ್ತದೆ, ಬೇರೆ ಪದವಿದೆಯೇ? ಒರೆಸು, ಉಜ್ಜು, ತಿಕ್ಕು – ಇವುಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ:

ಬರೀ ‘ಸೋಡಾ’ ಖಂಡಿತ ಸಾಲದು. ನಮ್ಮ ಮನೆಗಳಲ್ಲಿ ಆ ಹೆಸರಿಗೆ ಓಗೊಡುವ ಬಿಳಿ ಪುಡಿಗಳು ಮೂರಿವೆ, ಮೂರರ ಗುಣವೂ ಬೇರೆ.

ಇಡ್ಲಿ, ಬೋಂಡಾಕ್ಕೆ ಚಿಟಿಕೆ ಹಾಕುವುದು ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬೊನೇಟ್. ನೀರಿನಲ್ಲಿ ಅದರ ಪಿಎಚ್ (ಆಮ್ಲ, ಕ್ಷಾರಗಳ ಅಳತೆ; 7ಕ್ಕಿಂತ ಮೇಲೇರಿದಷ್ಟೂ ಕ್ಷಾರ ಕಟು) 8ರ ಆಸುಪಾಸು, ಬಲು ಮೆದು. ಮೂರು ಚಮಚ ಪುಡಿಗೆ ಒಂದು ಚಮಚ ನೀರು ಕಲಸಿದರೆ ಹ್ಯಾಂಡಲ್ ಮೇಲಿನ ಕಪ್ಪು ಕಲೆ, ಮಾಸಿದ ಕ್ರೋಮ್ ಲೇಪ ಇವಕ್ಕೆ ಸಾಕು. ಕಲಸಿದ್ದು ಒಣಗುವ ಮೊದಲೇ ಒದ್ದೆ ಬಟ್ಟೆಯಿಂದ ತೆಗೆಯಬೇಕು, ಇಲ್ಲದಿದ್ದರೆ ಸಂದುಗಳಲ್ಲಿ ಬಿಳಿ ಉಳಿಯುತ್ತದೆ.

ಎರಡನೆಯದು ಬಟ್ಟೆ ಸೋಡಾ, ಅಂದರೆ ವಾಷಿಂಗ್ ಸೋಡಾ. ಇದು ಸೋಡಿಯಂ ಕಾರ್ಬೊನೇಟ್, ಪಿಎಚ್ 11ರ ಹತ್ತಿರ. ಈಗಿನ ಬಹುಪಾಲು ಸೈಕಲ್‌ಗಳಲ್ಲಿ ರಿಮ್ಮೋ ಪೆಡಲ್ ತೋಳೋ ಅಲ್ಯೂಮಿನಿಯಂನದು. ಆ ಲೋಹವನ್ನು ಕಾಯುವುದು ಅದರ ಮೈಮೇಲಿನ ತೆಳು ಆಕ್ಸೈಡ್ ಪೊರೆ. ಬಟ್ಟೆ ಸೋಡಾ ಆ ಪೊರೆಯನ್ನು ತಿನ್ನುತ್ತದೆ. ಹೊಳಪು ಹೋಗಿ ಬೂದಿ ಬಣ್ಣಕ್ಕೆ ತಿರುಗಿದ ಮೇಲೆ ಎಷ್ಟು ತೊಳೆದರೂ ಮೊದಲಿನಂತಾಗದು. ಬಟ್ಟೆ ಒಗೆಯುವ ಡಿಟರ್ಜೆಂಟ್ ಪುಡಿಗಳಲ್ಲೂ ಸಾಮಾನ್ಯವಾಗಿ ಇದೇ ಇರುತ್ತದೆ. ಆದ್ದರಿಂದ ‘ಸೋಪಿನ ಪುಡಿ’ ಎಂದು ಬರೆದರೂ ಅದೇ ಕೇಡು.

ಮೂರನೆಯದು ಕಾಸ್ಟಿಕ್ ಸೋಡಾ. ಕಟ್ಟಿದ ಮೋರಿ ಬಿಡಿಸುವ ಪುಡಿಯಲ್ಲಿ ಇರುವುದು ಇದು. ಅಲ್ಯೂಮಿನಿಯಂಗೆ ತಗುಲಿದರೆ ಬಿಸಿಯೇರಿ, ಹೊತ್ತಿ ಉರಿಯುವ ಹೈಡ್ರೋಜನ್ ಅನಿಲ ಹೊರಬರುತ್ತದೆ. ಚರ್ಮವನ್ನು, ಕಣ್ಣನ್ನು ಸುಡುತ್ತದೆ. ಮಕ್ಕಳ ಕೈಗೆ ಹೋಗುವ ಪುಟದಲ್ಲಿ ‘ಅಡುಗೆ ಸೋಡಾ, ಬಟ್ಟೆ ಸೋಡಾ ಅಲ್ಲ’ ಎಂದು ಎರಡನ್ನೂ ಬರೆಯಿರಿ. ಒಂದು ವಿಶೇಷಣ ಬಿಟ್ಟುಹೋದರೆ ಇಲ್ಲಿ ಕೆಡುವುದು ವಾಕ್ಯವಷ್ಟೇ ಅಲ್ಲ.

ನಮ್ಮ ಹಿಂದಿನವರು ಇಂಥವನ್ನು ಬೇರೆ ಬೇರೆ ಹೆಸರಿನಿಂದಲೇ ಗುರುತಿಸಿದ್ದರು. ‘ಕ್ಷಾರ’ದ ತದ್ಭವ ‘ಕಾರ’. ಸಜ್ಜಿಕಾರವೆಂದರೆ ಒರಟು ಸೋಡಿಯಂ ಕಾರ್ಬೊನೇಟ್. ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬೊರಾಕ್ಸ್ ಬಿಳಿಗಾರ. ಬಿಳಿ, ಕಾರ ಎರಡೂ ಸೇರುವಾಗ ಕಕಾರಕ್ಕೆ ಗಕಾರ ಬಂದದ್ದು. ಅವೆಲ್ಲವನ್ನೂ ‘ಸೋಡಾ’ ಎಂಬ ಒಂದೇ ಡಬ್ಬಿಗೆ ಸುರಿದದ್ದು ಈಚಿನವರು.

ಇನ್ನು ಡಿಗ್ರೀಸರ್. ‘ಜಿಡ್ಡು ಬಿಡಿಸುವ ದ್ರವ’ ಎನ್ನಿ, ಎಲ್ಲರಿಗೂ ತಿಳಿಯುತ್ತದೆ. ಜಿಡ್ಡು ಎಂಬುದು ಬಹಳ ಸರಿಯಾದ ಪದ. ಹೊಸದಾಗಿ ಹಾಕಿದ್ದು ಎಣ್ಣೆ. ಹಳಸಿ ಅಂಟಿಕೊಂಡದ್ದು ಜಿಡ್ಡು. ಅದಕ್ಕೆ ದೂಳು, ಲೋಹದ ಪುಡಿ ಸೇರಿ ಕಪ್ಪಗೆ ಗಟ್ಟಿಯಾದದ್ದು ಮಡ್ಡಿ. ಚೈನನ್ನು ಸವೆಸುವುದು ಈ ಮಡ್ಡಿಯೇ. ಫ್ರೇಮಿನ ಜಿಡ್ಡಿಗೆ ಪಾತ್ರೆ ತೊಳೆಯುವ ದ್ರವ ಸಾಕು, ಲೀಟರ್ ನೀರಿಗೆ ಒಂದು ಟೀ ಚಮಚ. ಇಂಥ ಕೆಲವು ದ್ರವಗಳಲ್ಲಿ ಗಟ್ಟಿ ಬರಲೆಂದು ಉಪ್ಪು ಹಾಕಿರುತ್ತಾರೆ, ಹಾಗಾಗಿ ಕೊನೆಗೆ ಬರೀ ನೀರಿನಿಂದ ಚೆನ್ನಾಗಿ ತೊಳೆಯಲೇಬೇಕು. ಚೈನಿನ ಮಡ್ಡಿಗೆ ಇದು ಸಾಲದು. ಸೈಕಲ್ ಅಂಗಡಿಗಳಲ್ಲಿ ಸೀಮೆಎಣ್ಣೆ ಬಳಸುತ್ತ ಬಂದಿದ್ದಾರೆ, ಸಿಗದ ಕಡೆ ಡೀಸೆಲ್. ಬೆಂಕಿಯಿಂದ ದೂರ, ಬಯಲಿನಲ್ಲಿ, ಅರ್ಧ ಲೋಟದಷ್ಟು ಬಟ್ಟಲಿಗೆ ಹಾಕಿಕೊಂಡು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆಲಸ ಮುಗಿಸಬಹುದು. ಟೈರಿಗೆ, ಬ್ರೇಕ್ ರಬ್ಬರಿಗೆ ಸೋಕಬಾರದು, ರಬ್ಬರ್ ಉಬ್ಬಿ ಕೆಡುತ್ತದೆ. ಉಳಿದದ್ದನ್ನು ಚರಂಡಿಗೆ ಚೆಲ್ಲದೆ ಸೀಸೆಯಲ್ಲಿಟ್ಟರೆ ಮಡ್ಡಿ ಕೆಳಗಿಳಿಯುತ್ತದೆ, ಮೇಲಿನ ತಿಳಿ ಮತ್ತೆ ಬಳಕೆಗೆ ಬರುತ್ತದೆ. ಇದು ದೊಡ್ಡವರ ಕೆಲಸ ಎಂದು ಪುಟದಲ್ಲಿ ಬರೆಯಿರಿ. ಪೆಟ್ರೋಲಿನ ಮಾತೇ ಬೇಡ.

ಕ್ರಿಯಾಪದಗಳ ಬಗ್ಗೆ: ತಿಕ್ಕು ಎಂದೊಡನೆ ಓದುವವರ ಕೈ ಪಾತ್ರೆಯ ನಾರಿಗೆ ಹೋಗುತ್ತದೆ. ಬೆಳಗು ಎಂದರೆ ಬೂದಿ, ಹುಣಸೆಹಣ್ಣು ನೆನಪಾಗುತ್ತದೆ. ಬಣ್ಣ ಬಳಿದ ಫ್ರೇಮಿಗೆ ಇವೆರಡೂ ಬೇಡ. ಮೊದಲು ನೀರು ಸುರಿದು ಮರಳು, ಮಣ್ಣು ಇಳಿಸಿ, ಆಮೇಲೆ ಮೆತ್ತನೆ ಬಟ್ಟೆಯಿಂದ ‘ಒರೆಸಿ’. ಒಣ ದೂಳಿನ ಮೇಲೆ ಒರೆಸಿದರೂ ಗೀರು ಬೀಳುತ್ತದೆ. ‘ಉಜ್ಜಿ’ ಎಂಬುದು ಚೈನಿಗೆ, ಹಲ್ಲುಚಕ್ರಕ್ಕೆ ಮಾತ್ರ ಇರಲಿ.

ಮತ್ತೊಂದು ಉತ್ತರ:

ಮೇಲಿನದನ್ನು ಒಪ್ಪುತ್ತೇನೆ. ಇನ್ನೊಂದು ಜೋಡಿ ಪದ ಸೇರಿಸುವುದಿದೆ: ತುಕ್ಕು, ಕಿಲುಬು. ಎರಡನ್ನೂ ಬೆರೆಸಿ ಬರೆಯುವುದು ಕಾಣುತ್ತದೆ. ತುಕ್ಕು ಕಬ್ಬಿಣದ್ದು, ಕಿಲುಬು ತಾಮ್ರ ಹಿತ್ತಾಳೆಗಳದ್ದು. ಕಿಲುಬಿಗೆ ಹುಣಸೆಹಣ್ಣು ಒಳ್ಳೆಯ ಮದ್ದು, ಸೈಕಲಿನ ಹಿತ್ತಾಳೆ ಗಂಟೆಗೆ ಬಳಸಬಹುದು. ಆದರೆ ಹುಳಿ ತುಕ್ಕನ್ನೂ ಕರಗಿಸುತ್ತದೆಂದು ಚೈನನ್ನು ವಿನೆಗರ್‌ನಲ್ಲೋ ನಿಂಬೆರಸದಲ್ಲೋ ನೆನೆಹಾಕಬಾರದು. ಆಮ್ಲದಲ್ಲಿ ಹುಟ್ಟುವ ಹೈಡ್ರೋಜನ್ ಗಡಸು ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ. ಕಣ್ಣಿಗೆ ಏನೂ ಕಾಣದ ಚೈನು ಏರಿನಲ್ಲಿ ತುಳಿಯುವಾಗ ತುಂಡಾಗಬಹುದು. ತುಕ್ಕು ಆಳಕ್ಕಿಳಿದಿದ್ದರೆ ಹೊಸ ಚೈನು ಹಾಕಿಸುವುದೇ ಸರಿ. ಸೋಡಾ, ವಿನೆಗರ್ ಎರಡನ್ನೂ ಒಟ್ಟಿಗೆ ಸುರಿಯುವ ಸಲಹೆ ಮೂಲದಲ್ಲಿದ್ದರೆ ಕೈಬಿಡಿ. ನೊರೆ ಬರುತ್ತದೆ ಅಷ್ಟೇ, ಕ್ಷಾರ ಆಮ್ಲ ಒಂದನ್ನೊಂದು ಕಳೆದುಕೊಂಡು ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ‘ಆಸಿಡ್’ ಎಂಬ ಪದವನ್ನಂತೂ ಬಳಸಬೇಡಿ, ಮನೆಮಾತಿನಲ್ಲಿ ಅದು ಕಕ್ಕಸು ತೊಳೆಯುವ ಆಸಿಡ್. ಬ್ಲೀಚಿಂಗ್ ಪುಡಿಯೊಡನೆ ಸೇರಿದರೆ ಅದರಿಂದ ವಿಷದ ಕ್ಲೋರಿನ್ ಅನಿಲ ಬರುತ್ತದೆ.

ಡಿಸ್ಕ್ ಬ್ರೇಕ್ ಇದ್ದರೆ ಬಿಲ್ಲೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಮಾತ್ರ ಒರೆಸಿ. ಬದಲಿಗೆ ಸ್ಯಾನಿಟೈಸರ್ ಬೇಡ, ಕೈ ಒಣಗದಿರಲೆಂದು ಅದಕ್ಕೆ ಹಾಕುವ ಗ್ಲಿಸರಿನ್ ಬಿಲ್ಲೆಯ ಮೇಲೆ ಉಳಿದು ಬ್ರೇಕ್ ಜಾರುತ್ತದೆ.

ಕೊನೆಗೆ ಎಣ್ಣೆ. ಎಳ್ಳಿನ ನೆಯ್ ಎಣ್ಣೆಯಾದದ್ದು ನಿಜ, ಆದರೆ ಚೈನಿಗೆ ತಿನ್ನುವ ಎಣ್ಣೆ ಆಗದು. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ; ಸೂರ್ಯಕಾಂತಿ ಎಣ್ಣೆ ಗಾಳಿಗೆ ಅಂಟಾಗಿ ದೂಳು ಹಿಡಿಯುತ್ತದೆ. ಮನೆಯಲ್ಲಿ ಇರುವುದರಲ್ಲಿ ಹೊಲಿಗೆ ಯಂತ್ರದ ಎಣ್ಣೆ ಆದೀತು, ತೆಳುವಾದ್ದರಿಂದ ಬೇಗ ಬೇಗ ಹಾಕುತ್ತಿರಬೇಕು. ಇಲ್ಲೂ ಕ್ರಿಯಾಪದ ನೋಡಿಕೊಳ್ಳಿ. ‘ಎಣ್ಣೆ ಹಚ್ಚಿ’ ಎಂದರೆ ಮಕ್ಕಳು ತಲೆಗೆ ಹಚ್ಚುವಂತೆ ಹೊರಮೈಗೆ ಸವರುತ್ತಾರೆ. ಎಣ್ಣೆ ಬೇಕಿರುವುದು ರೋಲರಿನ, ಅಂದರೆ ಚೈನಿನ ಕೊಂಡಿಗಳ ನಡುವೆ ಉರುಳುವ ಪುಟ್ಟ ಉರುಳೆಯ, ಒಳಗೆ. ‘ಚೈನು ಪೂರ್ತಿ ಒಣಗಿದ ಮೇಲೆ ಪ್ರತಿ ರೋಲರಿಗೂ ಒಂದೊಂದು ತೊಟ್ಟು ಎಣ್ಣೆ ಬಿಡಿ. ಪೆಡಲನ್ನು ಹಿಂದಕ್ಕೆ ಹತ್ತು ಸುತ್ತು ತಿರುಗಿಸಿ. ಐದು ನಿಮಿಷ ಬಿಟ್ಟು, ಹೊರಗೆ ಉಳಿದದ್ದನ್ನು ಒಣ ಬಟ್ಟೆಯಿಂದ ಒರೆಸಿ ತೆಗೆಯಿರಿ’ – ಹೀಗೆ ಬರೆಯಬಹುದು.